ಕೆಲಸಕ್ಕೂ ಮನೆಗೂ ನಮ್ಮದೇ ಸರ್ವರ್‌ನ ಚಾಟ್ ಬೇಕು. ಯಾವುದು ಹಾಕಲಿ?

ಮಿಡಿಮಾವು_ಶಿರಸಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ತಾಳ್ಮೆಯಿಂದ ಓದಿ ಉತ್ತರಿಸಿದರೆ ಉಪಕಾರವಾಗುತ್ತದೆ.

ಶಿರಸಿ ಪೇಟೆಯಿಂದ ಹನ್ನೆರಡು ಕಿಲೋಮೀಟರ್ ಒಳಗೆ ನಮ್ಮ ಮನೆ. ಹಳೇ ಕೊಟ್ಟಿಗೆಯನ್ನು ಸರಿಮಾಡಿ ಅಲ್ಲೇ ಒಂದು ಸಣ್ಣ ಘಟಕ ನಡೆಸುತ್ತೇವೆ. ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಸಿರಪ್, ಒಣಗಿಸಿದ ಮುರುಗಲ ಸಿಪ್ಪೆ. ನಾನು, ಯಜಮಾನರು, ಏಳು ಜನ ಕೆಲಸದವರು. ಒಟ್ಟು 9 ಜನ. ಇನ್ನು ಮನೆಯ ಬಳಗ ಬೇರೆ. ಆಯಿ (ಅಮ್ಮ) ಯಲ್ಲಾಪುರದ ಕಡೆ ತವರುಮನೆಯಲ್ಲಿ, ತಮ್ಮ ಬೆಂಗಳೂರಲ್ಲಿ, ಮಗಳು ಧಾರವಾಡದ ಹಾಸ್ಟೆಲ್‌ನಲ್ಲಿ.

ಯಾಕೆ ಕೇಳುತ್ತಿದ್ದೇನೆ ಅಂದರೆ, ನಮ್ಮಲ್ಲಿ ಆರ್ಡರ್ ನೋಡಿಕೊಳ್ಳುತ್ತಿದ್ದ ಹುಡುಗನಿಗೆ ಕಳೆದ ವರ್ಷ ಬೆಂಗಳೂರಲ್ಲಿ ಒಳ್ಳೆ ಕೆಲಸ ಸಿಕ್ಕಿತು. ಸಂತೋಷದಿಂದಲೇ ಕಳಿಸಿದೆವು. ಆದರೆ ಅವನ ಜೊತೆ ಅವನ ಫೋನೂ ಹೋಯಿತು. ಎರಡು ವರ್ಷದ ಆರ್ಡರುಗಳು ಅದರಲ್ಲಿದ್ದವು. ಯಾವ ಮರದ ಮಿಡಿ ಯಾವ ಭರಣಿಗೆ ಹೋಯಿತು, ಉಪ್ಪಿಗೆ ಹಾಕಿದ ದಿನ ಯಾವುದು, ಯಾವ ಅಂಗಡಿಯವರು ಬಾಕಿ ಇಟ್ಟಿದ್ದಾರೆ, ಎಲ್ಲ ಅವನ ಚಾಟ್‌ನಲ್ಲೇ. ಅವನ ತಪ್ಪೇನೂ ಇಲ್ಲ. ಕೇಳಿದ್ದನ್ನು ಹುಡುಕಿ ಕಳಿಸಿದ. ಆಮೇಲೆ ಅವನು ಹೊಸ ಫೋನ್ ತಗೊಂಡಾಗ ಹಳೆಯದು ಅರ್ಧ ಬರಲೇ ಇಲ್ಲ.

ಅದರ ಬಿಸಿ ತಟ್ಟಿದ್ದು ಈ ಜನವರಿಯಲ್ಲಿ. ಒಬ್ಬ ಗಿರಾಕಿ ಮಿಡಿ ಮೆತ್ತಗಾಗಿದೆ ಎಂದು ಫೋನ್ ಮಾಡಿದರು. ಬಾಟಲಿ ಮೇಲೆ ಬ್ಯಾಚ್ ನಂಬರ್ ಇತ್ತು. ಆದರೆ ಆ ನಂಬರಿನ ಹಿಂದೆ ಯಾವ ಮರ, ಯಾವ ಭರಣಿ ಎಂದು ತಿಳಿಯಲು ಮೂರು ದಿನ ಬೇಕಾಯಿತು. ಅದೇ ಭರಣಿಯ ಇನ್ನೂ 40 ಬಾಟಲಿ ಯಾರ್ಯಾರ ಮನೆಗೆ ಹೋಗಿದೆಯೋ ಎಂದು ಆ ಮೂರು ದಿನ ನನಗೆ ನಿದ್ದೆ ಬರಲಿಲ್ಲ. ತಿನ್ನುವ ವಸ್ತು ಅಲ್ವಾ.

ಹಾಗಾಗಿ ನಮ್ಮ ಮಾತು ನಮ್ಮ ಸರ್ವರ್‌ನಲ್ಲೇ ಇರಲಿ ಎಂದು ತೀರ್ಮಾನಿಸಿದ್ದೇನೆ. ಸರ್ವರ್‌ಗಳಲ್ಲಿ ಬಳಸುವ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ನನಗೆ ಗೊತ್ತು. ನಮ್ಮ ವೆಬ್‌ಸೈಟ್ ಒಂದು ಬಾಡಿಗೆ ಸರ್ವರ್‌ನಲ್ಲಿದೆ, ನಾನೇ ನೋಡಿಕೊಳ್ಳುತ್ತೇನೆ. ಓದಿ ಓದಿ ಇಂಥ ಚಾಟ್‌ಗಳ ಹೆಸರಿನ ಪಟ್ಟಿಯೇ ಆಗಿದೆ. ಮ್ಯಾಟ್ರಿಕ್ಸ್, ಎಕ್ಸ್‌ಎಂಪಿಪಿ, ಮ್ಯಾಟರ್‌ಮೋಸ್ಟ್, ಜುಲಿಪ್, ರಾಕೆಟ್ ಚಾಟ್, ನೆಕ್ಸ್ಟ್‌ಕ್ಲೌಡ್ ಟಾಕ್. ಒಂದೊಂದನ್ನೂ ಹೊಗಳುವವರು ಒಬ್ಬೊಬ್ಬರು.

ನನಗೆ ಬೇಕಾದದ್ದು ಇಷ್ಟು. ಕೆಲಸಕ್ಕೂ ಮನೆಗೂ ಒಂದೇ ಆಪ್ ಆಗಬೇಕು. ಆಯಿಗೂ ಬಳಸಲು ಬರಬೇಕು. ಕೆಲಸದವರಲ್ಲಿ ಇಬ್ಬರಿಗೆ ಟೈಪ್ ಮಾಡುವುದು ಕಷ್ಟ, ಮಾತಾಡಿಯೇ ಕಳಿಸುತ್ತಾರೆ. ನಮ್ಮಲ್ಲಿ ನೆಟ್‌ವರ್ಕ್ ಗುಡ್ಡ ಹತ್ತಿದರೆ ಚೆನ್ನಾಗಿರುತ್ತದೆ, ಮನೆಯಲ್ಲಿ ಒಂದು ಕಡ್ಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನವೂ ಆಗುತ್ತದೆ. ತಿಂಗಳಿಗೆ 2000 ರೂಪಾಯಿವರೆಗೆ ಖರ್ಚು ಮಾಡಬಲ್ಲೆ. ಸರ್ವರ್ ಮನೆಯಲ್ಲೇ ಇಡಬೇಕೆಂಬ ಆಸೆಯೂ ಇದೆ. ಹಳೇ ಲ್ಯಾಪ್‌ಟಾಪ್ ಒಂದು ಸುಮ್ನೆ ಕೂತಿದೆ.

ಸಿದ್ದಾಪುರ_ಮೇಷ್ಟ್ರು:

ಇಷ್ಟೆಲ್ಲ ಕಷ್ಟ ಯಾಕೆ? ಎಲ್ಲರ ಫೋನಿಗೂ ಸಿಗ್ನಲ್ ಹಾಕಿಸಿ. ಉಚಿತ, ಬೀಗವೂ ಭದ್ರ, ಅಂದರೆ ಕಳಿಸಿದವರು ಮತ್ತು ಪಡೆದವರು ಬಿಟ್ಟು ಬೇರೆ ಯಾರೂ ಓದಲಾರರು. ನಾವು ಶಾಲೆಯ ಶಿಕ್ಷಕರೆಲ್ಲ ಅದನ್ನೇ ಬಳಸುತ್ತೇವೆ.

ಮಿಡಿಮಾವು_ಶಿರಸಿ:

ಮೇಷ್ಟ್ರೇ, ಸಿಗ್ನಲ್ ನನಗೂ ಇಷ್ಟ. ಮಗಳ ಜೊತೆ ಅದರಲ್ಲೇ ಮಾತಾಡುವುದು. ಆದರೆ ಅದರಲ್ಲೂ ಹಳೆಯ ಮಾತೆಲ್ಲ ಅವರವರ ಫೋನಿನಲ್ಲೇ ಇರುತ್ತದೆ. ನಮ್ಮ ಹುಡುಗ ಸಿಗ್ನಲ್ ಬಳಸಿದ್ದರೂ ಕಥೆ ಇದೇ ಆಗುತ್ತಿತ್ತು. ಮತ್ತೆ ಅದನ್ನು ನಮ್ಮ ಸರ್ವರ್‌ನಲ್ಲಿ ನಡೆಸಲು ಬರುವುದಿಲ್ಲ.

ಅಘನಾಶಿನಿ_ಕುಮಟಾ:

ನಾನು ಮ್ಯಾಟ್ರಿಕ್ಸ್ ಪರ. ಕಾರಣ ಹೇಳುತ್ತೇನೆ.

ನಾವು ಆರು ಜನ ಸೇರಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇವೆ. ಇಬ್ಬರು ಕುಮಟಾ, ಒಬ್ಬರು ಹೊನ್ನಾವರ, ಉಳಿದವರು ಹುಬ್ಬಳ್ಳಿ. ಮೂರು ವರ್ಷದಿಂದ ಸಿನಾಪ್ಸ್ ಎಂಬ ಮ್ಯಾಟ್ರಿಕ್ಸ್ ಸರ್ವರ್ ನಡೆಸುತ್ತಿದ್ದೇನೆ. ಅದನ್ನು ಬಳಸಲು ಎಲ್ಲರ ಕೈಯಲ್ಲಿ ಎಲಿಮೆಂಟ್ ಆಪ್. ನಿಮಗೆ ಒಂದೇ ಆಪ್ ಬೇಕು ಎಂದಿದ್ದೀರಿ. ಮ್ಯಾಟ್ರಿಕ್ಸ್‌ನಲ್ಲಿ ಅದು ಆಗುತ್ತದೆ. ಬೀಗ ಹಾಕುವುದು ರೂಮಿಗೆ (ಅಂದರೆ ಚಾಟ್ ಗುಂಪಿಗೆ) ಒಂದರಂತೆ. ಕೆಲಸದ ರೂಮುಗಳಿಗೆ ಬೀಗ ಬೇಡ, ಆಗ ಎಲ್ಲ ಸರ್ವರ್‌ನಲ್ಲಿ ಓದುವ ಹಾಗೆ ಉಳಿಯುತ್ತದೆ. ಮನೆಯ ರೂಮಿಗೆ ಬೀಗ ಹಾಕಿ. ನೆನಪಿಡಿ, ರೂಮಿಗೆ ಒಮ್ಮೆ ಬೀಗ ಹಾಕಿದರೆ ಮತ್ತೆ ತೆಗೆಯಲು ಬರುವುದಿಲ್ಲ. ನಾನು ಅವಸರದಲ್ಲಿ ಕೆಲಸದ ಎರಡು ರೂಮಿಗೆ ಹಾಕಿಬಿಟ್ಟೆ. ಹೊಸ ರೂಮು ಮಾಡಿ ಎಲ್ಲರನ್ನೂ ಸಾಗಿಸಬೇಕಾಯಿತು.

ಮ್ಯಾಟ್ರಿಕ್ಸ್ ಶುರುವಾದದ್ದು 2014ರಲ್ಲಿ. ಫ್ರಾನ್ಸ್ ಸರ್ಕಾರದ ನೌಕರರು ಬಳಸುವ ಟ್‌ಶಾಪ್ ಎಂಬ ಆಪ್ ಇದರ ಮೇಲೇ ಕಟ್ಟಿದ್ದು. ಅಂದರೆ ಹಗುರವಾದ ಪ್ರಯೋಗವಲ್ಲ.

ನೀವು ಹಾಕುವುದಾದರೆ ಇಷ್ಟು ನೋಡಿಕೊಳ್ಳಿ. ಸರ್ವರ್‌ಗೆ ಕೊಡುವ ಹೆಸರು ಆಮೇಲೆ ಬದಲಿಸಲು ಬರುವುದಿಲ್ಲ. ಎಲ್ಲರ ವಿಳಾಸದಲ್ಲೂ ಅದೇ ಕೂತಿರುತ್ತದೆ. ಹಾಗಾಗಿ ಡೊಮೇನ್ (ಇಂಟರ್‌ನೆಟ್‌ನಲ್ಲಿ ನಿಮ್ಮ ಹೆಸರು) ಯೋಚಿಸಿ ಆರಿಸಿ. ಡೇಟಾಬೇಸ್ ಮೊದಲ ದಿನವೇ ಪೋಸ್ಟ್‌ಗ್ರೆಸ್ ಮಾಡಿ, ಎಸ್‌ಕ್ಯೂಲೈಟ್‌ನಲ್ಲಿ ಬಿಡಬೇಡಿ. ಹೊರಗಿನ ದೊಡ್ಡ ದೊಡ್ಡ ಸಾರ್ವಜನಿಕ ರೂಮುಗಳಿಗೆ ನಿಮ್ಮ ಸರ್ವರ್‌ನಿಂದ ಸೇರಬೇಡಿ. ಸಾವಿರಾರು ಜನರ ರೂಮಿಗೆ ಒಬ್ಬರು ಸೇರಿದರೂ ಅದರ ಭಾರವೆಲ್ಲ ನಿಮ್ಮ ಸರ್ವರ್ ಹೊರಬೇಕು. ನಮ್ಮ 2 ಜಿಬಿ ಯಂತ್ರ ಒಮ್ಮೆ ಹೀಗೇ ಏದುಸಿರು ಬಿಟ್ಟಿತ್ತು.

ಇನ್ನೊಂದು ವಿಷಯ ಮರೆಯುವ ಹಾಗಿಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 14 ಚಾಟ್ ಆಪ್‌ಗಳಿಗೆ ತಡೆ ಹಾಕಿತು. ಆ ಪಟ್ಟಿಯಲ್ಲಿ ಎಲಿಮೆಂಟ್ ಹೆಸರೂ ಇತ್ತು, ಬ್ರಯರ್ ಹೆಸರೂ ಇತ್ತು. ನಮ್ಮ ಕೆಲಸ ನಿಲ್ಲಲಿಲ್ಲ, ಯಾಕೆಂದರೆ ಸರ್ವರ್ ನಮ್ಮದು, ಆಪ್ ಮಾತ್ರ ಅವರದು. ಫ್ಲಫಿಚಾಟ್‌ನಂಥ ಬೇರೆ ಆಪ್‌ನಿಂದಲೂ ಅದೇ ಸರ್ವರ್‌ಗೆ ಒಳಬರಬಹುದು. ತೆರೆದ ಪ್ರೋಟೋಕಾಲ್ (ಯಾರು ಬೇಕಾದರೂ ಆಪ್ ಮಾಡಬಹುದಾದ ಸಂಪರ್ಕದ ನಿಯಮ) ಆರಿಸುವುದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಗಿರಾಕಿಗಳ ವಾಟ್ಸಾಪ್ ಕೂಡ ಮ್ಯಾಟ್ರಿಕ್ಸ್ ಒಳಗೇ ಬರುವ ಹಾಗೆ ಬ್ರಿಡ್ಜ್ ಹಾಕಬಹುದು. ಅದು ಲಿಂಕ್ ಮಾಡಿದ ಇನ್ನೊಂದು ಕಂಪ್ಯೂಟರಿನ ಹಾಗೆ ಕೆಲಸ ಮಾಡುತ್ತದೆ. ಆದರೆ ಅಧಿಕೃತ ದಾರಿಯಲ್ಲ, ನಂಬರಿಗೇ ಕುತ್ತು ಬರಬಹುದು. ವ್ಯಾಪಾರದ ನಂಬರಿಗೆ ನಾನು ಹಾಕುವುದಿಲ್ಲ.

ಕಾಳಿದಂಡೆ_ಕಾರವಾರ:

ಕುಮಟಾದವರು ಹೇಳಿದ್ದೆಲ್ಲ ಸರಿಯಾಗಿದೆ. ಆದರೂ ನಾನು ಬೇರೆ ದಾರಿ ಹೇಳುತ್ತೇನೆ. ಮಿಡಿಮಾವು ಅವರೇ, ನಿಮ್ಮ ಬೇಡಿಕೆಯಿಂದ ಎರಡು ಶಬ್ದ ತೆಗೆಯಿರಿ. ‘ಒಂದೇ ಆಪ್’ ಎಂಬುದನ್ನು.

ಕೆಲಸದ ಮಾತಿಗೂ ಮನೆಯ ಮಾತಿಗೂ ಬೇಕಾದದ್ದು ಬೇರೆ ಬೇರೆ. ಕೆಲಸದ ಮಾತು ಉಳಿಯಬೇಕು. ಯಾರು ಬಂದರೂ ಹೋದರೂ ಅದು ಘಟಕದಲ್ಲೇ ಇರಬೇಕು, ನಿನ್ನೆ ಸೇರಿದವರಿಗೂ ಸಿಗಬೇಕು, ಹುಡುಕಿದರೆ ಬರಬೇಕು. ಮನೆಯ ಮಾತಿಗೆ ಅದು ಯಾವುದೂ ಬೇಡ. ಆಯಿ ಮಗಳಿಗೆ ಹೇಳಿದ್ದನ್ನು ಸರ್ವರ್ ನಡೆಸುವವರು ಕೂಡ ಓದಬಾರದು. ಸರ್ವರ್ ನಡೆಸುವವರು ನೀವೇ ಆದರೂ. ನಿಮ್ಮ ತಮ್ಮ ನಿಮ್ಮ ಆಯಿಗೆ ಬರೆದದ್ದನ್ನು ನೀವು ಓದಲು ಸಾಧ್ಯ ಎಂದಾದರೆ, ಅವರು ಬರೆಯುವ ರೀತಿಯೇ ಬದಲಾಗುತ್ತದೆ. ನಮ್ಮ ಮನೆಯಲ್ಲಿ ಅದನ್ನು ಕಂಡಿದ್ದೇನೆ.

ತುದಿಯಿಂದ ತುದಿಗೆ ಬೀಗ ಹಾಕಿದ ಚಾಟ್‌ನಲ್ಲಿ ಕೀಲಿ ಇರುವುದು ಫೋನಿನಲ್ಲಿ. ಕೆಲಸಕ್ಕೆ ಅದನ್ನು ಹಾಕಿದರೆ, ಬಿಟ್ಟುಹೋದವರ ಜೊತೆ ಕೀಲಿಯೂ ಹೋಗುತ್ತದೆ. ನಿಮ್ಮ ಕಷ್ಟ ಶುರುವಾಗಿದ್ದೇ ಅಲ್ಲಿಂದ ಅಲ್ವಾ? ಮ್ಯಾಟ್ರಿಕ್ಸ್‌ನಲ್ಲಿ ರೂಮಿಗೊಂದು ರೀತಿ ಮಾಡಬಹುದು, ನಿಜ. ಆದರೆ ಆಯಿ ಫೋನ್ ಬದಲಿಸಿದಾಗ ರಿಕವರಿ ಕೀ (ಮೊದಲೇ ಬರೆದಿಟ್ಟುಕೊಳ್ಳಬೇಕಾದ ಗುಟ್ಟಿನ ಕೀಲಿ) ಕೇಳುತ್ತದೆ. ಅದು ಕೊಡದಿದ್ದರೆ ಹಳೆ ಮಾತು ತೆರೆಯುವುದಿಲ್ಲ. ನಮ್ಮತ್ತೆಯವರು ‘ಮೆಸೇಜ್ ತೆರೆಯಲು ಆಗುತ್ತಿಲ್ಲ’ ಎಂಬ ಸಾಲು ನೋಡಿ ತಾವೇ ಏನೋ ಹಾಳು ಮಾಡಿದೆ ಎಂದು ಒಂದು ವಾರ ಫೋನ್ ಮುಟ್ಟಲಿಲ್ಲ. ನನಗೆ ಅದು ಬಹಳ ಬೇಜಾರಾಯಿತು.

ಹಾಗಾಗಿ ಕೆಲಸಕ್ಕೆ ಜುಲಿಪ್, ಮನೆಗೆ ಎಕ್ಸ್‌ಎಂಪಿಪಿ ಮೇಲೆ ಕಟ್ಟಿದ ಸ್ನಿಕೆಟ್.

ಜುಲಿಪ್ 2015ರಿಂದ ಓಪನ್ ಸೋರ್ಸ್. ಅದರಲ್ಲಿ ಪ್ರತಿ ಮಾತಿಗೂ ಒಂದು ಟಾಪಿಕ್ (ವಿಷಯದ ಹೆಸರು) ಕೊಡಬೇಕು. ಮೊದಲ ವಾರ ಇದು ಕಿರಿಕಿರಿ ಅನಿಸುತ್ತದೆ. ನಿಮಗಂತೂ ಇದೇ ವರ. ‘ಮಿಡಿ’ ಎಂದು ಒಂದು ಚಾನೆಲ್ ಮಾಡಿ. ಪ್ರತಿ ಬ್ಯಾಚ್ ನಂಬರಿಗೂ ಒಂದು ಟಾಪಿಕ್. ಮಿಡಿ ಬಂದ ದಿನ, ಮರ, ಉಪ್ಪಿನ ಪ್ರಮಾಣ, ಭರಣಿಯ ಫೋಟೋ, ಯಾರಿಗೆ ಹೋಯಿತು, ಎಲ್ಲ ಆ ಟಾಪಿಕ್‌ನಲ್ಲೇ. ಗಿರಾಕಿ ಫೋನ್ ಮಾಡಿದರೆ ಬಾಟಲಿಯ ನಂಬರ್ ಕೇಳಿ ಅದನ್ನು ತೆರೆದರಾಯಿತು. ಕೆಲಸ ಬಿಟ್ಟವರ ಖಾತೆ ಮುಚ್ಚಿದರೂ ಅವರು ಬರೆದದ್ದು ಉಳಿಯುತ್ತದೆ. ಫೋನಿಗೆ ಸೂಚನೆ ಬರುವುದು ಜುಲಿಪ್‌ನವರ ಸೇವೆಯ ಮೂಲಕ, ಯಾಕೆಂದರೆ ಆ ಆಪ್‌ಗೆ ಗೂಗಲ್ ಮತ್ತು ಆಪಲ್ ದಾರಿ ಬಿಟ್ಟು ಬೇರೆ ದಾರಿ ಇಲ್ಲ. ಸ್ವಂತ ಸರ್ವರ್‌ನವರಿಗೆ 10 ಜನರವರೆಗೆ ಅದು ಉಚಿತ. ನೀವು 9 ಜನ. ಮೆಸೇಜಿನ ಒಳಗಿನ ಮಾತು ಆ ಸೂಚನೆಯಲ್ಲಿ ಹೋಗದ ಹಾಗೆ ಸೆಟ್ಟಿಂಗ್ ಇದೆ, ಹಾಕಿಕೊಳ್ಳಿ.

ಮ್ಯಾಟರ್‌ಮೋಸ್ಟ್ ಕೂಡ ನೋಡಿದ್ದೇನೆ. ಚೆನ್ನಾಗಿದೆ. ಆದರೆ ನಿಮ್ಮ ಬ್ಯಾಚಿನ ಲೆಕ್ಕಕ್ಕೆ ಟಾಪಿಕ್ ಇರುವುದೇ ಹೊಂದುತ್ತದೆ. ನೆಕ್ಸ್ಟ್‌ಕ್ಲೌಡ್ ಟಾಕ್ ಬೇಕಾಗುವುದು ಆಗಲೇ ಫೈಲುಗಳಿಗೆ ನೆಕ್ಸ್ಟ್‌ಕ್ಲೌಡ್ ಇಟ್ಟುಕೊಂಡವರಿಗೆ.

ಜುಲಿಪ್‌ನಲ್ಲಿ ಕನ್ನಡದ ಒಂದು ತೊಡಕು ಇದೆ. ಇದನ್ನು ಯಾರೂ ಹೇಳುವುದಿಲ್ಲ. ಅದರ ಹುಡುಕಾಟ ಇಂಗ್ಲಿಷ್ ಮನಸ್ಸಿನಲ್ಲಿಟ್ಟು ಮಾಡಿದ್ದು. ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ. ಭರಣಿ, ಭರಣಿಗೆ, ಭರಣಿಯಲ್ಲಿ, ಭರಣಿಯಿಂದ. ಯಂತ್ರಕ್ಕೆ ಇವು ನಾಲ್ಕು ಬೇರೆ ಪದ. ಪಿಜಿಗ್ರೂಂಗಾ ಎಂಬ ಹೆಚ್ಚುವರಿ ಭಾಗವನ್ನು ಜುಲಿಪ್‌ಗೆ ಸೇರಿಸಬಹುದು, ಅದು ಎಲ್ಲ ಭಾಷೆಗೂ ಹುಡುಕಾಟ ಕೊಡುತ್ತದೆ. ಮೊದಲೇ ಹಾಕಿ. ಮಾತಾಡಿ ಕಳಿಸುವ ಇಬ್ಬರಿಗೆ ಕೀಬೋರ್ಡಿನಲ್ಲಿ ಕನ್ನಡದ ಮೈಕ್ ಒತ್ತಲು ಕಲಿಸಿ. ಗೂಗಲ್‌ನ ಜಿಬೋರ್ಡ್ ಕೀಬೋರ್ಡ್ ಹೇಳಿದ್ದನ್ನು ಕನ್ನಡದಲ್ಲೇ ಬರೆಯುತ್ತದೆ. ಅಲ್ಲಲ್ಲಿ ತಪ್ಪಾದರೂ ಪರವಾಗಿಲ್ಲ. ವಾಯ್ಸ್ ಮೆಸೇಜ್ ಒಳಗೆ ಹುಡುಕಲು ಬರುವುದಿಲ್ಲ, ಬರೆದದ್ದರಲ್ಲಿ ಬರುತ್ತದೆ.

ಈಗ ಮನೆಯದು. ಎಕ್ಸ್‌ಎಂಪಿಪಿ ಹಳೆಯದು, 1999ರಲ್ಲಿ ಜಾಬರ್ ಎಂಬ ಹೆಸರಲ್ಲಿ ಬಂದದ್ದು. 2004ರಲ್ಲಿ ಇಂಟರ್‌ನೆಟ್‌ನ ಅಧಿಕೃತ ಮಾನಕವಾಯಿತು. ಹಳೆಯದು ಎಂದು ಜನ ಮೂಗು ಮುರಿಯುತ್ತಾರೆ. ನನಗೆ ಅದೇ ಧೈರ್ಯ ಕೊಡುತ್ತದೆ. ಸ್ನಿಕೆಟ್ ಅಂದರೆ ಪ್ರೊಸಡಿ ಎಂಬ ಎಕ್ಸ್‌ಎಂಪಿಪಿ ಸರ್ವರ್ ಬರೆದವರೇ ಮನೆಮಂದಿಗೆಂದು ಕಟ್ಟಿಕೊಟ್ಟ ಗಂಟು. ಸಾಫ್ಟ್‌ವೇರನ್ನು ಡಬ್ಬಿಯಲ್ಲಿಟ್ಟ ಹಾಗೆ ಓಡಿಸುವ ಡಾಕರ್‌ನಲ್ಲಿ ಏಳುತ್ತದೆ. 1 ಜಿಬಿ ಯಂತ್ರ ಧಾರಾಳ ಸಾಕು. ನೀವು ಒಂದು ಆಹ್ವಾನದ ಲಿಂಕ್ ಕಳಿಸುತ್ತೀರಿ. ಅವರು ಅದನ್ನು ಒತ್ತಿ, ಆಪ್ ಹಾಕಿ, ಹೆಸರು ಕೊಟ್ಟರೆ ಮುಗಿಯಿತು. ಫೋನ್ ನಂಬರ್ ಕೇಳುವುದಿಲ್ಲ. ವಾಯ್ಸ್ ಮೆಸೇಜ್ ಇದೆ, ಕರೆ ಇದೆ, ಓಮೆಮೋ ಎಂಬ ತುದಿಯಿಂದ ತುದಿಗಿನ ಬೀಗ ಇದೆ. ಸರ್ವರ್ ಮೆಸೇಜನ್ನು 7 ದಿನ ಮಾತ್ರ ಇಟ್ಟುಕೊಳ್ಳುತ್ತದೆ, ಬೇಕಾದರೆ ಬದಲಿಸಬಹುದು. ನೆಟ್‌ವರ್ಕ್ ಒಂದು ಕಡ್ಡಿ ಇದ್ದರೂ ಅಕ್ಷರದ ಮೆಸೇಜ್ ದಾಟುತ್ತದೆ.

ಸರ್ವರ್ ನಮ್ಮದೇ, ಮತ್ತೆ ಬೀಗ ಯಾಕೆ ಎಂದು ಕೇಳಬೇಡಿ. ಬಾಡಿಗೆ ಯಂತ್ರ ಇರುವುದು ಬೇರೆಯವರ ಕಟ್ಟಡದಲ್ಲಿ. 2023ರ ಅಕ್ಟೋಬರ್‌ನಲ್ಲಿ ಜಾಬರ್ ಡಾಟ್ ಆರ್‌ಯು ಎಂಬ ಹಳೆಯ ಎಕ್ಸ್‌ಎಂಪಿಪಿ ಸರ್ವರ್‌ನವರಿಗೆ ಆದದ್ದನ್ನು ನೋಡಿ. ಜರ್ಮನಿಯಲ್ಲಿದ್ದ ಅವರ ಯಂತ್ರಕ್ಕೂ ಹೊರಗಿನ ನೆಟ್‌ಗೂ ನಡುವೆ ಯಾರೋ ಕೂತು, ಆ ಡೊಮೇನ್‌ಗೆ ಬೇರೆ ಸರ್ಟಿಫಿಕೇಟ್ (ಇದೇ ಅಸಲಿ ಸರ್ವರ್ ಎಂದು ತೋರಿಸುವ ಡಿಜಿಟಲ್ ಪತ್ರ) ಪಡೆದು, ತಿಂಗಳುಗಟ್ಟಲೆ ಮಾತು ಕದ್ದು ಕೇಳಿದ್ದರು. ಸಿಕ್ಕಿಬಿದ್ದದ್ದು ಹೇಗೆ ಅಂದರೆ, ಆ ಕಳ್ಳ ಸರ್ಟಿಫಿಕೇಟಿನ ಅವಧಿ ಮುಗಿದು, ಬಳಸುವವರಿಗೆ ಎಚ್ಚರಿಕೆ ಕಾಣಿಸಿತು. ಫೋನಿನಿಂದ ಫೋನಿಗೆ ಬೀಗ ಹಾಕಿಕೊಂಡವರ ಮಾತಿನ ಒಳಗೆ ಅವರಿಗೆ ಇಣುಕಲು ಆಗುತ್ತಿರಲಿಲ್ಲ.

ಕೊನೆಗೆ ಮನೆಯ ಲ್ಯಾಪ್‌ಟಾಪ್ ವಿಷಯ. ಬೇಡ. ಕೈಮುಗಿದು ಹೇಳುತ್ತೇನೆ.

ನನ್ನ ಮೂಲಮನೆ ಕುಮಟಾ ಕಡೆ. ನಾನಿರುವುದು ಕಾರವಾರದ ಕೋಡಿಬಾಗದಲ್ಲಿ. ಮನೆಮಂದಿಯ ಚಾಟ್ ಸರ್ವರನ್ನು ನಾನು ಊರಮನೆಯಲ್ಲೇ ಒಂದು ರಾಸ್‌ಬೆರಿ ಪೈ ಮೇಲೆ ಇಟ್ಟಿದ್ದೆ. ಅಂಗೈ ಅಗಲದ ಯಂತ್ರ. ಪಕ್ಕದಲ್ಲಿ ಸಣ್ಣ ಬ್ಯಾಟರಿ. ಎರಡು ವರ್ಷ ಚೆನ್ನಾಗಿ ನಡೆಯಿತು, ನನಗೆ ಹೆಮ್ಮೆಯೂ ಇತ್ತು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ 66 ಬಂದ್. ಅಂದೇ ಊರಲ್ಲಿ ಕರೆಂಟೂ ಹೋಗಿತ್ತು. ಬ್ಯಾಟರಿ ಸಂಜೆಯವರೆಗೆ ಎಳೆಯಿತು, ಆಮೇಲೆ ಪೈ ಸತ್ತಿತು. ಕರೆಂಟ್ ಬಂದ ಮೇಲೂ ಏಳಲಿಲ್ಲ, ಮೆಮೊರಿ ಕಾರ್ಡ್ ಹಾಳಾಗಿತ್ತು. ಅಣ್ಣ ಆ ದಾರಿಯಲ್ಲೇ ಅಂಕೋಲೆಗೆ ಓಡಾಡುವವನು. ಅವನು ಎಲ್ಲಿದ್ದಾನೆ ಎಂದು ಎಲ್ಲರೂ ಒದ್ದಾಡುತ್ತಿದ್ದೆವು. ನಮ್ಮ ಮನೆಮಂದಿಗೆ ಚಾಟ್ ಬೇಕೇ ಬೇಕಾಗಿದ್ದ ಆ ರಾತ್ರಿ, ನಾನು ಕಟ್ಟಿದ ಸರ್ವರ್ ನಿಂತುಹೋಗಿತ್ತು. ಅಣ್ಣ ಮನೆಯಲ್ಲೇ ಇದ್ದ ಎಂದು ಗೊತ್ತಾದದ್ದು ಮರುದಿನ, ಪಕ್ಕದ ಮನೆಯವರ ಫೋನಿನಿಂದ. ಹೋಗಿ ಸರಿಮಾಡೋಣ ಎಂದರೆ ಆ ರಸ್ತೆಯೇ ಇರಲಿಲ್ಲ.

ಆಮೇಲೆ ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ ಬಾಡಿಗೆ ಯಂತ್ರ ತಗೊಂಡೆ. ಇಷ್ಟೂ ಅಲ್ಲದೆ ಮನೆಯ ಇಂಟರ್‌ನೆಟ್ ಎಷ್ಟೋ ಕಡೆ ಸಿಜಿನ್ಯಾಟ್ ಹಿಂದೆ ಇರುತ್ತದೆ. ನೂರಾರು ಮನೆಗೆ ಒಂದೇ ಐಪಿ ವಿಳಾಸ. ಹೊರಗಿನಿಂದ ನಿಮ್ಮ ಲ್ಯಾಪ್‌ಟಾಪ್‌ಗೆ ನೇರ ದಾರಿಯೇ ಇರುವುದಿಲ್ಲ. ಆ ಲ್ಯಾಪ್‌ಟಾಪನ್ನು ಬ್ಯಾಕಪ್‌ಗೆ ಇಟ್ಟುಕೊಳ್ಳಿ. ದಿನವೂ ರಾತ್ರಿ ಬಾಡಿಗೆ ಸರ್ವರ್‌ನಿಂದ ಪ್ರತಿ ಎಳೆದುಕೊಳ್ಳಲಿ. ಕರೆಂಟ್ ಇಲ್ಲದ ದಿನ ಎಳೆಯದಿದ್ದರೂ ನಡೆಯುತ್ತದೆ.

ಮಿಡಿಮಾವು_ಶಿರಸಿ:

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಶಿರೂರಿನ ಆ ವಾರ ನಾವೂ ಫೋನ್ ಹಿಡಿದುಕೊಂಡೇ ಇದ್ದೆವು. ನಿಮ್ಮ ಅಣ್ಣ ಕ್ಷೇಮವಾಗಿದ್ದದ್ದು ದೊಡ್ಡ ಸಮಾಧಾನ.

ಮೂರು ಪ್ರಶ್ನೆ. ಎರಡನ್ನೂ ಒಂದೇ ಸರ್ವರ್‌ನಲ್ಲಿ ಹಾಕಬಹುದಾ? ಗಿರಾಕಿಗಳನ್ನು ಏನು ಮಾಡಲಿ? ನನಗೇ ಏನಾದರೂ ಆದರೆ ಇದನ್ನು ಯಾರು ನೋಡಿಕೊಳ್ಳುವುದು? ಮೂರನೆಯದು ಯಜಮಾನರ ಪ್ರಶ್ನೆ.

ಕಾಳಿದಂಡೆ_ಕಾರವಾರ:

ಒಂದೇ ಸರ್ವರ್‌ನಲ್ಲಿ ಬೇಡ. ಜುಲಿಪ್‌ಗೆ ಇಡೀ ಯಂತ್ರ ಬಿಟ್ಟುಕೊಟ್ಟರೆ ಅದು ಸುಖವಾಗಿರುತ್ತದೆ, 2 ಜಿಬಿ ಬೇಕು. ಸ್ನಿಕೆಟ್ ಕೂಡ 80 ಮತ್ತು 443ನೇ ಪೋರ್ಟ್ (ಯಂತ್ರಕ್ಕೆ ನೆಟ್‌ನಿಂದ ಒಳಬರುವ ಬಾಗಿಲು) ತನಗೇ ಬೇಕು ಎನ್ನುತ್ತದೆ. ಎರಡು ಯಂತ್ರ ಸೇರಿ ತಿಂಗಳಿಗೆ ಸುಮಾರು 18 ಡಾಲರ್. ನಿಮ್ಮ ಲೆಕ್ಕಕ್ಕೆ ಹೊಂದುತ್ತದೆ. ಸ್ನಿಕೆಟ್‌ಗೆ 5222 ಮತ್ತು 5269 ಪೋರ್ಟ್ ತೆರೆಯಲು ಮರೆಯಬೇಡಿ.

ಗಿರಾಕಿಗಳನ್ನು ಅಲುಗಾಡಿಸಬೇಡಿ. ಒಂದು ಉಪ್ಪಿನಕಾಯಿ ಬಾಟಲಿಗಾಗಿ ಯಾರೂ ಹೊಸ ಆಪ್ ಹಾಕುವುದಿಲ್ಲ. ಘಟಕದ ಹೆಸರಲ್ಲೇ ಒಂದು ಸಿಮ್ ತಗೊಳ್ಳಿ. ಒಂದು ಹಳೇ ಫೋನಿಗೆ ಹಾಕಿ, ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಇರಲಿ. ಇನ್ನೂ 4 ಸಾಧನಕ್ಕೆ ಅದನ್ನು ಲಿಂಕ್ ಮಾಡಬಹುದು. ಆ ಫೋನ್ ಘಟಕ ಬಿಟ್ಟು ಹೊರಗೆ ಹೋಗಬಾರದು. ಆರ್ಡರ್ ಬಂದ ತಕ್ಷಣ ನೋಡಿಕೊಳ್ಳುವವರು ಅದನ್ನು ಜುಲಿಪ್‌ನಲ್ಲಿ ಒಂದು ಸಾಲು ಬರೆಯಲಿ. ಎರಡೆರಡು ಸಲ ಬರೆಯುವ ಕೆಲಸ ಅನಿಸುತ್ತದೆ. ಆದರೆ ಆ ಒಂದು ಸಾಲೇ ನಿಮ್ಮ ದಾಖಲೆ.

ಯಜಮಾನರ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಕಾಗದದಲ್ಲಿ ಬರೆದಿಡಿ. ಡೊಮೇನ್ ಎಲ್ಲಿ ಕೊಂಡದ್ದು, ಸರ್ವರ್ ಯಾರದು, ಯಾವ ಕಾರ್ಡಿನಿಂದ ಹಣ ಹೋಗುತ್ತದೆ, ಪಾಸ್‌ವರ್ಡ್ ಎಲ್ಲಿದೆ, ಬ್ಯಾಕಪ್ ಎಲ್ಲಿದೆ. ಎರಡು ಪ್ರತಿ. ಒಂದು ಮನೆಯಲ್ಲಿ, ಇನ್ನೊಂದು ನಿಮ್ಮ ತಮ್ಮನ ಹತ್ತಿರ. ಬ್ಯಾಕಪ್ ಇದೆ ಅಂದರೆ ಸಾಲದು. ಒಮ್ಮೆ ಅದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ. ಜುಲಿಪ್ ಬ್ಯಾಕಪ್ ಒಂದೇ ಕಮಾಂಡಿನಲ್ಲಿ ಬರುತ್ತದೆ, ಡೇಟಾಬೇಸ್ ಮತ್ತು ಫೋಟೋ ಎಲ್ಲ ಸೇರಿ.

ಅಘನಾಶಿನಿ_ಕುಮಟಾ:

ನನ್ನ ಮತ ಮ್ಯಾಟ್ರಿಕ್ಸ್‌ಗೇ ಇದೆ, ನಮ್ಮಂಥ ತಂಡಕ್ಕೆ. ಆದರೆ ಬ್ಯಾಚಿಗೊಂದು ಟಾಪಿಕ್ ಎಂಬುದನ್ನು ಒಪ್ಪಿದೆ. ಅದು ನನಗೆ ಹೊಳೆದಿರಲಿಲ್ಲ. ಒಂದು ಮಾತು ಸೇರಿಸುತ್ತೇನೆ. ಡೊಮೇನ್ ಹಣ ಒಟ್ಟಿಗೇ ಐದು ವರ್ಷಕ್ಕೆ ಕಟ್ಟಿಬಿಡಿ. ಅದೊಂದು ತಪ್ಪಿದರೆ ಎರಡೂ ಚಾಟ್ ಒಂದೇ ದಿನ ನಿಲ್ಲುತ್ತವೆ.

ಮಿಡಿಮಾವು_ಶಿರಸಿ:

ಎರಡು ತಿಂಗಳಾಯಿತು. ಏನಾಯಿತು ಎಂದು ಹೇಳುವುದು ನನ್ನ ಕರ್ತವ್ಯ. ಇಲ್ಲೀಗ ಮಳೆ ಹಿಡಿದಿದೆ.

ಎರಡೂ ಹಾಕಿದೆ. ಜುಲಿಪ್ ಒಂದು ಮಧ್ಯಾಹ್ನದಲ್ಲಿ ಎದ್ದಿತು. ಪಿಜಿಗ್ರೂಂಗಾಕ್ಕೆ ಇನ್ನೊಂದು ಸಂಜೆ ಹಿಡಿಯಿತು. ಈಗ ‘ಭರಣಿ’ ಎಂದು ಹಾಕಿದರೆ ‘ಭರಣಿಗೆ’ ಕೂಡ ಸಿಗುತ್ತದೆ. ಕಾಳಿದಂಡೆಯವರೇ, ಇದೊಂದಕ್ಕೇ ನಿಮಗೆ ನೂರು ನಮಸ್ಕಾರ.

ಟಾಪಿಕ್ ಕೊಡುವುದು ಮೊದಲು ಯಾರಿಗೂ ಬರಲಿಲ್ಲ. ಎಲ್ಲರೂ ಎಲ್ಲೆಂದರಲ್ಲಿ ಬರೆದರು. ನಾನು ದಿನವೂ ರಾತ್ರಿ ಕೂತು ಸರಿಯಾದ ಟಾಪಿಕ್‌ಗೆ ಸಾಗಿಸುತ್ತಿದ್ದೆ. ಆಮೇಲೆ ನಮ್ಮಲ್ಲಿ ಭರಣಿ ತೊಳೆಯುವ ಅಕ್ಕ ಒಂದು ಉಪಾಯ ಹೇಳಿದರು. ಬ್ಯಾಚ್ ನಂಬರನ್ನು ಬಾಟಲಿಗೆ ಬರೆಯುವ ಮೊದಲು ಭರಣಿಯ ಮೇಲೇ ಸುಣ್ಣದಲ್ಲಿ ಬರೆಯೋಣ ಎಂದು. ಈಗ ಭರಣಿ ಮುಟ್ಟಿದವರ ಕಣ್ಣಿಗೆ ನಂಬರ್ ಬೀಳುತ್ತದೆ, ಅದೇ ಟಾಪಿಕ್ ತೆರೆಯುತ್ತಾರೆ. ಆ ಅಕ್ಕನಿಗೆ ಟೈಪ್ ಬರುವುದಿಲ್ಲ, ಮೈಕ್ ಒತ್ತಿ ಹೇಳುತ್ತಾರೆ. ‘ಸೊನೆ’ ಎಂದು ಹೇಳಿದ್ದನ್ನು ಅದು ‘ಸೇನೆ’ ಎಂದು ಬರೆಯುತ್ತದೆ. ನಮಗೆಲ್ಲ ಅರ್ಥವಾಗುತ್ತದೆ.

ಒಬ್ಬರು ಮಾತ್ರ ಇನ್ನೂ ಬಂದಿಲ್ಲ. ಅವರಿಗೆ ಫೋನಿನಲ್ಲಿ ಜಾಗ ಇಲ್ಲ. ಒತ್ತಾಯ ಮಾಡಿಲ್ಲ. ಅವರು ಹೇಳಿದ್ದನ್ನು ನಾನೇ ಬರೆಯುತ್ತೇನೆ.

ಸ್ನಿಕೆಟ್‌ನಲ್ಲಿ ಒಂದು ತೊಂದರೆಯಾಯಿತು. ನಾಲ್ಕು ದಿನ ಆಯಿಗೆ ನನ್ನ ಮೆಸೇಜೇ ಹೋಗಲಿಲ್ಲ. ‘ಯಂಗೆ ಇದೆಲ್ಲ ತಿಳೀತಿಲ್ಲೆ’ ಎಂದರು. ನೋಡಿದರೆ ಅವರ ಫೋನ್ ಬ್ಯಾಟರಿ ಉಳಿಸಲು ಆ ಆಪನ್ನು ಮಲಗಿಸುತ್ತಿತ್ತು. ಈ ಆಪ್ ಸರ್ವರ್ ಜೊತೆ ತಾನೇ ಸಂಪರ್ಕ ಹಿಡಿದುಕೊಂಡಿರುತ್ತದೆ, ಮಲಗಿಸಿದರೆ ಎಳೆ ಕಡಿದುಹೋಗುತ್ತದೆ. ಸೆಟ್ಟಿಂಗ್‌ನಲ್ಲಿ ಬ್ಯಾಟರಿ ನಿರ್ಬಂಧ ತೆಗೆದು, ತಾನಾಗಿ ಶುರುವಾಗಲು ಅನುಮತಿ ಕೊಟ್ಟ ಮೇಲೆ ಸರಿಯಾಯಿತು. ಯಾರಾದರೂ ಹಿರಿಯರಿಗೆ ಹಾಕಿಕೊಡುವವರಿದ್ದರೆ ಅವರ ಫೋನ್ ಕೈಯಲ್ಲಿರುವಾಗಲೇ ಇದನ್ನು ಮಾಡಿ. ನಾನು ಇದಕ್ಕಾಗಿಯೇ ಯಲ್ಲಾಪುರಕ್ಕೆ ಹೋಗಿಬಂದೆ.

ಬ್ಯಾಕಪ್ ತೆರೆದು ನೋಡಿದೆ. ಗಂಟೆ ಲೆಕ್ಕದಲ್ಲಿ ಒಂದು ಯಂತ್ರ ಬಾಡಿಗೆಗೆ ತಗೊಂಡು, ಅಲ್ಲಿ ಜುಲಿಪ್ ಎಬ್ಬಿಸಿ, ಹಳೆಯ ಮಾತೆಲ್ಲ ಕಾಣುವುದನ್ನು ಯಜಮಾನರಿಗೆ ತೋರಿಸಿದೆ. ಕಾಗದ ಕಪಾಟಿನಲ್ಲಿದೆ. ತಮ್ಮನಿಗೂ ಒಂದು ಪ್ರತಿ ಕೊಟ್ಟಾಯಿತು.

ಈಗ ಇನ್ನೊಂದು ಪ್ರಶ್ನೆ. ಮೊನ್ನೆ ರಾತ್ರಿ ನಮ್ಮಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಇರಲಿಲ್ಲ. ನೆಟ್‌ವರ್ಕ್ ಬಂದು ಬಂದು ಹೋಗುತ್ತಿತ್ತು. ಹತ್ತೂವರೆಗೆ ಆಯಿಯ ಮೊದಲ ವಾಯ್ಸ್ ಮೆಸೇಜ್ ಬಂತು, ತಾವಾಗಿಯೇ ಕಳಿಸಿದ್ದು. ‘ಇಲ್ಲಿ ಮಳೆ ಹೊಯ್ತಾ ಇದ್ದು. ನಿಂಗ ಬಾಗಿಲು ಹಾಕ್ಯಂಡು ಮನಕ್ಯಳಿ’ ಎಂದು. ಹಿಂದೆ ಮಳೆಯ ಸದ್ದೂ ಕೇಳುತ್ತದೆ. ಸರ್ವರ್ 7 ದಿನಕ್ಕೆ ಅಳಿಸುತ್ತದೆ ಎಂದಿದ್ದಿರಿ. ಇದು ನನಗೆ ಬೇಕು. ಏನು ಮಾಡಲಿ?

ಕಾಳಿದಂಡೆ_ಕಾರವಾರ:

ಗಾಬರಿ ಬೇಡ. ಅಳಿಯುವುದು ಸರ್ವರ್‌ನಿಂದ ಮಾತ್ರ. ನಿಮ್ಮ ಫೋನಿಗೆ ಇಳಿದದ್ದು ಫೋನಿನಲ್ಲೇ ಇರುತ್ತದೆ. ಆ ಮೆಸೇಜನ್ನು ಒತ್ತಿ ಹಿಡಿದು ಹಂಚಿಕೊಳ್ಳುವುದನ್ನು ಆರಿಸಿ, ಫೈಲ್ ಆಗಿ ಬೇರೆ ಕಡೆ ಉಳಿಸಿ. ಆ ಬ್ಯಾಕಪ್ ಲ್ಯಾಪ್‌ಟಾಪ್‌ಗೂ ಒಂದು ಪ್ರತಿ ಹಾಕಿಡಿ. ಇವತ್ತೇ ಮಾಡಿ.